ಕಾರಿನ ಯೋಗಕ್ಷೇಮದ ಲೆಕ್ಕ

ಕಾರನ್ನು ಕೊಳ್ಳುವ ಮುನ್ನ ಮನೆಯವರೆಲ್ಲ ಕೂಡಿ ಕುಳಿತು, ಮಾಸಿಕ ಕಂತು ಎಷ್ಟಾದೀತು, ಲೀಟರಿಗೆ ಎಷ್ಟು ಕಿಲೋಮೀಟರು ಓಡೀತು ಎಂಬುದನ್ನೆಲ್ಲ ಕೂಲಂಕಷವಾಗಿ ವಿಚಾರಮಾಡುತ್ತಾರೆ. ಆದರೆ ಆ ಕಾರು ಮನೆಯ ಮುಂದೆ ಬಂದು ನಿಂತ ಮೇಲೆ ಹತ್ತು ಹದಿನೈದು ವರ್ಷಗಳ ಪರ್ಯಂತ ಅದರ ಯೋಗಕ್ಷೇಮಕ್ಕೆ ಎಷ್ಟು ಹಣ ಬೇಕಾದೀತು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಆದುದರಿಂದಲೇ ನಾಲ್ಕು ಟೈರುಗಳನ್ನು ಒಟ್ಟಿಗೆ ಬದಲಾಯಿಸಬೇಕಾಗಿ ಬಂದ ತಿಂಗಳಲ್ಲಿ ಸಂಸಾರದ ಲೆಕ್ಕವೆಲ್ಲ ಏರುಪೇರಾಗುತ್ತದೆ. ಟೈರು ಸವೆಯುವುದು ಆಕಸ್ಮಿಕವಲ್ಲ. ಕಾರನ್ನು ಕೊಂಡ ದಿನವೇ ನಿಶ್ಚಿತವಾಗಿದ್ದ ವೆಚ್ಚ ಅದು. ನಾವು ಮುಂಗಾಣದೆ ಇದ್ದುದರಿಂದ ಮಾತ್ರ ಅದು ಆಪತ್ತಿನ ರೂಪವನ್ನು ತಾಳುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಪ್ಲಗ್ಗನ್ನು ಕಳಚಿ ಉಜ್ಜುವುದೂ ಕಾರ್ಬುರೇಟರನ್ನು ಶುಚಿಮಾಡುವುದೂ ಒಡೆಯನ ದಿನಚರಿಗೆ ಸೇರಿದ ಕೆಲಸಗಳಾಗಿದ್ದುವು. ವಾಹನದ ದೇಹಸ್ಥಿತಿ ಅವನಿಗೆ ಕೈಯ ಸ್ಪರ್ಶದಿಂದಲೇ ತಿಳಿಯುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ತರುವಾಯ ಬಾನೆಟ್ಟನ್ನು ತೆರೆಯಬೇಕಾದ ಸಂದರ್ಭಗಳು ಕಡಿಮೆಯಾದುವು, ಅದರೊಡನೆ ಆ ಪರಿಚಯವೂ ಕ್ಷೀಣಿಸಿತು. ಕೈಗೆ ತಿಳಿಯುತ್ತಿದ್ದುದನ್ನು ಇಂದು ಕಾಗದದ ಮೇಲೆ ತಿಳಿಯಬೇಕಾಗಿದೆ.

ಆದಕಾರಣ ಮೊದಲನೆಯ ಕಾರ್ಯ, ನೂರು ಪುಟಗಳ ಒಂದು ಸಾಧಾರಣ ಪುಸ್ತಕವನ್ನು ತಂದು ಕಾರಿನಲ್ಲಿಯೇ ಇರಿಸುವುದು. ಪ್ರತಿಯೊಂದು ಖರ್ಚಿನ ಎದುರಿಗೂ ದಿನಾಂಕ, ಮೀಟರಿನಲ್ಲಿದ್ದ ಕಿಲೋಮೀಟರು, ಮಾಡಿದ ಕೆಲಸ, ಕೊಟ್ಟ ಹಣ, ಈ ನಾಲ್ಕನ್ನು ಬರೆಯಿರಿ. ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ಕೂಡಿಡಿ. ಪೆಟ್ರೋಲಿನ ಲೆಕ್ಕವನ್ನು ಇದರೊಳಗೆ ಬೆರೆಸಬೇಡಿ, ಏಕೆಂದರೆ ಅದು ಓಡಾಟದ ವೆಚ್ಚವೇ ಹೊರತು ಪಾಲನೆಯ ವೆಚ್ಚವಲ್ಲ. ಒಂದು ವರ್ಷ ಹೀಗೆ ಬರೆದ ಪುಸ್ತಕವು ನಿಮ್ಮ ಕಾರಿನ ವಿಷಯದಲ್ಲಿ ಹೇಳಬಲ್ಲಷ್ಟನ್ನು ಯಾವ ಮೆಕ್ಯಾನಿಕ್ಕೂ ಹೇಳಲಾರ.

ಎರಡನೆಯದಾಗಿ, ವೆಚ್ಚಗಳನ್ನು ಮೂರು ವರ್ಗಗಳಾಗಿ ವಿಭಾಗಿಸಬೇಕು. ವರ್ಷವರ್ಷವೂ ಬರುವಂಥವು ಮೊದಲನೆಯ ವರ್ಗ: ವಿಮೆ, ಎಮಿಷನ್ ತಪಾಸಣೆ, ಎಂಜಿನ್ ಆಯಿಲ್ ಬದಲಾವಣೆಯನ್ನು ಒಳಗೊಂಡ ಸರ್ವಿಸ್. ನಮ್ಮ ದೇಶದ ಬಹುಪಾಲು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲು ಬರುವುದೋ ಅದು, ಆಯಿಲಿನ ಅವಧಿ. ಕಾರು ಓಡಲಿಲ್ಲವೆಂದು ವರ್ಷವನ್ನು ದಾಟಿಸುವುದು ಸರಿಯಲ್ಲ. ಕೆಲವು ವರ್ಷಗಳಿಗೊಮ್ಮೆ ಬರುವಂಥವು ಎರಡನೆಯ ವರ್ಗ: ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು. ಮೂರನೆಯದು ಇಂತಹ ದಿನವೇ ಬರುವುದೆಂದು ಹೇಳಲಾಗದ, ಆದರೆ ಬಂದೇ ಬರುವ ದುರಸ್ತಿಗಳದು.

ಮೂರನೆಯ ಹೆಜ್ಜೆ ಗಣಿತದ್ದು. ನನ್ನದು 2013ರಲ್ಲಿ ಕೊಂಡ 1200 ಸಿಸಿ ಪೆಟ್ರೋಲ್ ಕಾರು. ವರ್ಷಕ್ಕೆ ಸುಮಾರು 9,000 ಕಿಲೋಮೀಟರು ಓಡುತ್ತದೆ. ಅದರ ಪುಸ್ತಕವನ್ನು ತೆರೆದು ನೋಡಿದರೆ, ವಿಮೆಗೆ 7,000 ರೂಪಾಯಿ, ಸರ್ವಿಸಿಗೂ ಸಣ್ಣಪುಟ್ಟ ಕೆಲಸಗಳಿಗೂ 9,000. ನಾಲ್ಕು ಟೈರುಗಳ ಬೆಲೆಯಾದ 18,000ವನ್ನು ಐದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 3,600. 5,000ದ ಬ್ಯಾಟರಿಯನ್ನು ನಾಲ್ಕು ವರ್ಷಗಳಿಗೆ ಹಂಚಿದರೆ 1,250. ಕ್ಲಚ್ಚು ಬ್ರೇಕುಗಳಿಗೆ ಆರು ವರ್ಷಗಳಲ್ಲಿ ಆಗುವ 12,000ಕ್ಕೆ ವರ್ಷದ ಪಾಲು 2,000. ಇವುಗಳ ಮೇಲೆ ಅನಿರೀಕ್ಷಿತಕ್ಕೆಂದು 6,000. ಒಟ್ಟು 28,850, ಎಂದರೆ ತಿಂಗಳಿಗೆ ಸುಮಾರು 2,400. ನಾನು 2,500ನ್ನು ಸಂಬಳ ಬಂದ ದಿನವೇ ಬೇರೊಂದು ಉಳಿತಾಯ ಖಾತೆಗೆ ಹಾಕಿಬಿಡುತ್ತೇನೆ. ನಿಮ್ಮ ಅಂಕಿಗಳು ಬೇರೆಯಾದಾವು, ಆದರೆ ಕ್ರಮ ಇದೇ. ಬೆಂಗಳೂರಿನ ದಟ್ಟಣೆಯಲ್ಲಿ ನಿತ್ಯ ಓಡುವ ಕಾರಿಗೂ ಘಾಟಿಯ ಏರನ್ನು ಮೇಲಿಂದ ಮೇಲೆ ಹತ್ತುವ ಕಾರಿಗೂ ಕ್ಲಚ್ಚಿನ ಬಾಬ್ತು ಹೆಚ್ಚಿರಲಿ. ಕರಾವಳಿಯವರು ಉಪ್ಪುಗಾಳಿಯ ತುಕ್ಕಿಗಾಗಿ ಕಾರಿನ ತಳಭಾಗಕ್ಕೆ ಲೇಪನ ಹಾಕಿಸುವ ವೆಚ್ಚವನ್ನು ಸೇರಿಸಿಕೊಳ್ಳಲಿ.

ಮಿತವ್ಯಯವೆಂಬುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಕ ಇಲ್ಲಿ ಬಹಳ ಮುಖ್ಯ. ಕೂಲಂಟ್ ಸೋರುತ್ತಿದ್ದ ಒಂದು ರಬ್ಬರ್ ಪೈಪನ್ನು ಮುಂದಿನ ತಿಂಗಳು ನೋಡೋಣವೆಂದು ನಾನು ಒಮ್ಮೆ ಮುಂದಕ್ಕೆ ಹಾಕಿದೆ. ಶಿರಾಡಿ ಘಾಟಿಯ ಏರಿನಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಯಿತು. ಕೆಲವು ನೂರು ರೂಪಾಯಿಗಳ ಕೆಲಸಕ್ಕೆ ಬದಲಾಗಿ 27,000 ತೆರಬೇಕಾಯಿತು. ಅದಕ್ಕಿಂತಲೂ ಕಷ್ಟವಾದುದು, ವೃದ್ಧರಾದ ತಾಯಿಯವರನ್ನು ಮಳೆಯಲ್ಲಿ ರಸ್ತೆಯ ಬದಿಯಲ್ಲಿ ಕೂರಿಸಿಕೊಂಡು ಮೂರು ಗಂಟೆ ಕಾದದ್ದು. ದ್ರವಗಳು, ಬ್ರೇಕು, ಟೈರು, ಸ್ಟೀರಿಂಗು, ಇವುಗಳ ವಿಷಯದಲ್ಲಿ ತಡಮಾಡಬಾರದು. ಟೈರಿನ ಮೇಲ್ಮೈಯ ತೋಡುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಅದು ಮುಗಿದಂತೆ. ತೋಡುಗಳ ಒಳಗೆ ಇರುವ ಸಣ್ಣ ಉಬ್ಬುಗಳು ಮೇಲ್ಮೈಗೆ ಸಮವಾದಾಗ ಇದು ಕಣ್ಣಿಗೇ ಕಾಣುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಸೂಚಿಸುತ್ತವೆ. ಕೊಳ್ಳುವಾಗ ಅವನ್ನು ಓದಿ ನೋಡಿರಿ. ಮಿತವ್ಯಯಕ್ಕೆ ಅವಕಾಶವಿರುವುದು ಬೇರೆ ಕಡೆ: ಸರ್ವಿಸಿನ ಪಟ್ಟಿಯಲ್ಲಿ ಕೇಳದೆಯೇ ಸೇರುವ ಎಂಜಿನ್ ಶುದ್ಧೀಕರಣ, ಒಳಭಾಗದ ಸುಗಂಧ, ಹೊಳಪಿನ ಲೇಪನ ಮೊದಲಾದವುಗಳಲ್ಲಿ. ವಾರಂಟಿ ಮುಗಿದ ಕಾರಿಗೆ ನಂಬಿಕೆಯ ಗ್ಯಾರೇಜು ಸಾಕು. ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗದ ಬೆಲೆಯನ್ನು ತಾವೇ ವಿಚಾರಿಸಿಕೊಂಡರೆ ಬಿಲ್ಲಿನ ಯುಕ್ತಾಯುಕ್ತತೆ ತಿಳಿಯುತ್ತದೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಒಳ್ಳೆಯ ಅಭ್ಯಾಸ.

ವಿಮೆಯ ವಿಷಯದಲ್ಲಿ ಎರಡೇ ಮಾತು. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ದೊರೆಯುವ ನೋ ಕ್ಲೇಮ್ ಬೋನಸ್ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇ 50ಕ್ಕೆ ಏರುತ್ತದೆ. ಆದುದರಿಂದ ಬಂಪರಿನ ಚಿಕ್ಕ ಗೀರಿಗಾಗಿ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿರಿ. ಪಾಲಿಸಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಆ ಬೋನಸ್ ಪೂರ್ತಿ ನಷ್ಟವಾಗುತ್ತದೆ.

ಇನ್ನು ಕಾರನ್ನು ಬೀಳ್ಕೊಡುವ ಕಾಲ ಯಾವುದು? ದುರಸ್ತಿಯ ವೆಚ್ಚವು ಕಾರಿನ ಮಾರಾಟದ ಬೆಲೆಯ ಅರ್ಧವನ್ನು ಮೀರಿದರೆ ಮಾರಿಬಿಡಬೇಕೆಂದು ಹಲವರು ಹೇಳುತ್ತಾರೆ. ನನಗೆ ಈ ಸೂತ್ರ ಒಪ್ಪಿಗೆಯಿಲ್ಲ. ದುರಸ್ತಿಯನ್ನು ಹೋಲಿಸಬೇಕಾದುದು ಹಳೆಯ ಕಾರಿನ ಬೆಲೆಯೊಡನೆ ಅಲ್ಲ; ಅದರ ಸ್ಥಾನಕ್ಕೆ ಬರುವ ಕಾರಿನ ವಾರ್ಷಿಕ ವೆಚ್ಚದೊಡನೆ. 8 ಲಕ್ಷದ ಹೊಸ ಕಾರನ್ನು ಕೊಂಡಿರೆಂದು ಭಾವಿಸಿ. ವಿಮೆಯವರು ಅನುಸರಿಸುವ ಕೋಷ್ಟಕದ ಪ್ರಕಾರ ಐದನೆಯ ವರ್ಷಕ್ಕೆ ಕಾರಿನ ಮೌಲ್ಯದಲ್ಲಿ ಶೇ 50 ಕಳೆಯುತ್ತದೆ, ಎಂದರೆ ವರ್ಷಕ್ಕೆ 80,000. ಅದಕ್ಕಾಗಿ 6 ಲಕ್ಷವನ್ನು ಶೇ 9ರ ಬಡ್ಡಿಗೆ ಐದು ವರ್ಷಗಳ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 12,450. ಬಡ್ಡಿಯೊಂದೇ ವರ್ಷಕ್ಕೆ ಸರಾಸರಿ 29,000ಕ್ಕೂ ಮೇಲೆ. ಒಂದು ಲಕ್ಷದ ಮೇಲಿನ ಈ ಮೊತ್ತದ ಎದುರಿನಲ್ಲಿ, ಹಳೆಯ ಕಾರಿಗೆ ಒಂದು ವರ್ಷ 40,000ದ ದುರಸ್ತಿ ಬಂದರೂ ಅದನ್ನು ಉಳಿಸಿಕೊಳ್ಳುವುದೇ ಲಾಭ. ನೆರೆಮನೆಯ ಮುಂದೆ ಹೊಸ ಕಾರು ನಿಂತಿರುವುದು ಈ ಲೆಕ್ಕಕ್ಕೆ ಸೇರತಕ್ಕ ಅಂಶವಲ್ಲ.

ಹಾಗಿದ್ದರೂ ಹಣದಿಂದ ಅಳೆಯಲಾಗದ ಸಂಗತಿಗಳುಂಟು. ತಳಭಾಗದ ಮುಖ್ಯ ಚೌಕಟ್ಟನ್ನು ತುಕ್ಕು ತಿಂದಿದ್ದರೆ ಯಾವ ಲೆಕ್ಕವೂ ಬೇಡ, ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಬಾರದು. ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕೂ ಚಾಲಕನ ಏರ್‌ಬ್ಯಾಗೂ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಮುಂಚಿನ ಅಗ್ಗದ ಮಾದರಿಗಳಲ್ಲಿ ಇವೆರಡೂ ಇಲ್ಲದಿರುವುದು ಸಾಮಾನ್ಯ. ಊರೊಳಗೆ ತರಕಾರಿಗೂ ದೇವಸ್ಥಾನಕ್ಕೂ ಹೋಗಿಬರುವವರಿಗೆ ಇದು ಅಷ್ಟು ಗುರುತರವಲ್ಲದಿರಬಹುದು, ಆದರೆ ಹೆದ್ದಾರಿಯಲ್ಲಿ ವಾರವಾರವೂ ಸಂಸಾರಸಮೇತ ಸಂಚರಿಸುವವರು ಕಾರನ್ನು ಬದಲಾಯಿಸಲು ಇದೊಂದೇ ಕಾರಣ ಸಾಕೆಂಬುದು ನನ್ನ ಅಭಿಪ್ರಾಯ. ಮತ್ತೆ ಮತ್ತೆ ದಾರಿಯಲ್ಲಿ ನಿಂತುಬಿಡುವ ಕಾರು, ಬಿಡಿಭಾಗಗಳಿಗಾಗಿ ವಾರಗಟ್ಟಲೆ ಕಾಯಿಸುವ ಕಾರು, ಇವುಗಳನ್ನೂ ಇದೇ ಸಾಲಿಗೆ ಸೇರಿಸಬಹುದು.

ಹದಿನೈದು ವರ್ಷವಾದೊಡನೆ ಕಾರು ಗುಜರಿಗೆ ಹೋಗಲೇಬೇಕೆಂಬ ಭಯ ನಮ್ಮಲ್ಲಿ ಅನೇಕರಿಗಿದೆ. ಪೆಟ್ರೋಲಿಗೆ 15, ಡೀಸೆಲಿಗೆ 10 ವರ್ಷ ಎಂಬ ಮಿತಿ ದೆಹಲಿ ಪ್ರದೇಶಕ್ಕೆ ಸಂಬಂಧಿಸಿದ ಆದೇಶಗಳಿಂದ ಬಂದದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿದಾಗ, ವಾಹನವು ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದರೆ ಐದು ವರ್ಷಗಳಿಗೆ ನವೀಕರಣ ದೊರೆಯುತ್ತದೆ. ಅವಧಿ ಮುಗಿಯುವುದಕ್ಕೆ 60 ದಿನಗಳಿರುವಾಗಿನಿಂದಲೇ ಅರ್ಜಿ ಸಲ್ಲಿಸಬಹುದು. ಆದರೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ತಪಾಸಣೆಗೆ ಮುನ್ನ ಮಾಡಿಸಬೇಕಾದ ದುರಸ್ತಿಯೂ ಹಸಿರು ತೆರಿಗೆಯೂ ಇದರ ಜೊತೆಗೆ ಬರುವುದರಿಂದ, ಹದಿನಾಲ್ಕನೆಯ ವರ್ಷವೇ ಪುಸ್ತಕವನ್ನು ಮುಂದಿಟ್ಟುಕೊಂಡು ನಿರ್ಧರಿಸುವುದು ಉಚಿತ. ಗುಜರಿಗೇ ಕೊಡುವುದಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರವನ್ನು ಪಡೆಯಿರಿ. ಮುಂದೆ ಕೊಳ್ಳುವ ಸ್ವಂತ ಬಳಕೆಯ ಕಾರಿನ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ.

ಮಾರುವುದಾದರೆ, ಹಣ ಕೈಗೆ ಬಂದಿತೆಂದು ಸುಮ್ಮನಾಗದೆ 29 ಮತ್ತು 30ನೆಯ ನಮೂನೆಗಳ ಮೂಲಕ ಆರ್‌ಸಿ ಹೊಸಬರ ಹೆಸರಿಗೆ ವರ್ಗವಾಗುವವರೆಗೂ ಬೆನ್ನುಹತ್ತಬೇಕು; ಅಲ್ಲಿಯವರೆಗೆ ಆ ಕಾರಿನ ಅಪಘಾತಕ್ಕೂ ದಂಡಕ್ಕೂ ನೋಟೀಸು ಬರುವುದು ನಿಮ್ಮ ಹೆಸರಿಗೇ. ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದುದಲ್ಲ, ನಿಮಗೆ ಸೇರಿದುದು; ವಿಮಾ ಕಂಪನಿಯಿಂದ ಅದರ ಪತ್ರವನ್ನು ಬರೆಸಿಕೊಂಡರೆ ಮೂರು ವರ್ಷಗಳೊಳಗೆ ಕೊಳ್ಳುವ ಬೇರೆ ಕಾರಿಗೆ ಅನ್ವಯಿಸಬಹುದು. ಕೊನೆಯದಾಗಿ, ಬಿಲ್ಲುಗಳ ಲಕೋಟೆಯೊಡನೆ ಆ ನೂರು ಪುಟಗಳ ಪುಸ್ತಕವನ್ನು ಬೆಲೆಯ ಮಾತು ಆರಂಭವಾಗುವ ಮುನ್ನವೇ ಕೊಳ್ಳಬಂದವರ ಮುಂದೆ ಇರಿಸಿರಿ; ಅವರು ಅದನ್ನು ಮೊದಲ ಪುಟದಿಂದ ಓದಲಿ.