ರಗ್ಬಿ ಲೀಗ್‌ಗೂ ಒಂದು ಏಪ್ರಿಲ್ ಬೇಕು

ಪ್ರಶ್ನೆ: ನಮ್ಮ ಕೊಡವ ಕುಟುಂಬ ಹಾಕಿಗೆ ಮುನ್ನೂರಕ್ಕೂ ಹೆಚ್ಚು ತಂಡ ಬಂದರೂ ತಿಂಗಳೊಳಗೆ ಮುಗಿಯುತ್ತದೆ. ಕೆಲವೇ ದೇಶಗಳು ಆಡುವ ರಗ್ಬಿ ಲೀಗ್ ವಿಶ್ವಕಪ್ ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಗುವುದೇಕೆ? ಅದನ್ನು ಯಾವಾಗ ನಡೆಸಿದರೆ ಒಳ್ಳೆಯದು?
– ಓದುಗರು, ಗೋಣಿಕೊಪ್ಪ

ಉತ್ತರ: ತಾವು ಕೇಳಿದ ಹೋಲಿಕೆಯಲ್ಲೇ ಅರ್ಧ ಉತ್ತರ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ 60 ಒಕ್ಕಗಳನ್ನು (ಕೊಡವ ಕುಟುಂಬಗಳನ್ನು) ಸೇರಿಸಿ ಶುರು ಮಾಡಿದ ಈ ಹಾಕಿ ಹಬ್ಬ ಏಪ್ರಿಲ್ ಸುತ್ತಿನ ಬೇಸಿಗೆಯನ್ನೇ ನೆಚ್ಚಿಕೊಂಡಿದೆ. ಆ ಹೊತ್ತಿಗೆ ಕಾಫಿ ಕೊಯ್ಲು ಮುಗಿದಿರುತ್ತದೆ, ಮಕ್ಕಳಿಗೆ ರಜೆ ಹತ್ತಿರವಾಗಿರುತ್ತದೆ. ಸೈನ್ಯದಲ್ಲಿರುವವರು, ಬೆಂಗಳೂರು ಸೇರಿದವರು ರಜೆ ಹಾಕಿ ಊರಿಗೆ ಬರುತ್ತಾರೆ. ಜೂನ್ ಹಿಡಿದರೆ ಮೈದಾನದಲ್ಲಿ ಕಾಲಿಡಲಾಗದು. ಮಳೆ, ಬೆಳೆ, ಶಾಲೆ ಇವು ಯಾವುವೂ ನಮಗಾಗಿ ಜರುಗುವುದಿಲ್ಲವಾದ್ದರಿಂದ ಆಟವೇ ಅವುಗಳ ನಡುವೆ ಜಾಗ ಮಾಡಿಕೊಂಡಿತು.

ಇನ್ನು ಪಂದ್ಯಗಳ ಲೆಕ್ಕ. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ ಹೆಸರಿನಲ್ಲಿ ನಡೆದ ಈ ಹಬ್ಬಕ್ಕೆ 396 ಒಕ್ಕಗಳು ಹೆಸರು ಕೊಟ್ಟವು. ನಾಕೌಟ್‌ನಲ್ಲಿ ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಬೀಳುವುದರಿಂದ ವಿಜೇತರು ಸಿಗಲು 395 ಪಂದ್ಯ ಬೇಕು. ಮೊದಲ ಸುತ್ತಿನಲ್ಲಿ 140 ಪಂದ್ಯ ಆಡಿಸಿ 116 ತಂಡಗಳಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ) ಕೊಟ್ಟರೆ ಎರಡನೇ ಸುತ್ತಿಗೆ ಸರಿಯಾಗಿ 256 ಉಳಿಯುತ್ತವೆ; ಅಲ್ಲಿಂದ ಮುಂದೆ ಯಾರಿಗೂ ಬೈ ಬೇಡ. ಆದರೂ ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸರಾಸರಿ 13 ಪಂದ್ಯ. ಒಂದೇ ಮೈದಾನಕ್ಕೆ ಇದು ಆಗದ ಮಾತು, ಹೆಚ್ಚು ಮೈದಾನ ಬೇಕು.

ರಗ್ಬಿ ಲೀಗ್ ಎಂದರೆ ತಂಡಕ್ಕೆ 13 ಜನರ ಆಟ. 15 ಜನರ ರಗ್ಬಿ ಯೂನಿಯನ್ ಬೇರೆ. ಇದರ ವಿಶ್ವಕಪ್ 1954ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. 2021ರ ಕೂಟದಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಿಂದೆ ಸರಿದದ್ದರಿಂದ ಅದು 2022ಕ್ಕೆ ಹೋಯಿತು. 2025ರದ್ದನ್ನು ನಡೆಸಬೇಕಿದ್ದ ಫ್ರಾನ್ಸ್ 2023ರಲ್ಲಿ ಹಣದ ಖಾತರಿಯಿಲ್ಲದೆ ಕೈಚೆಲ್ಲಿತು. ಕೂಟ 2026ಕ್ಕೆ, ಆಸ್ಟ್ರೇಲಿಯಾಕ್ಕೆ ಹೋಯಿತು.

ಹಾಗೆ ನೋಡಿದರೆ ತಿಂಗಳ ತೊಡಕು ರಗ್ಬಿ ಲೀಗ್‌ನವರಿಗಿಲ್ಲ. 1996ರಲ್ಲಿ ಇಂಗ್ಲೆಂಡಿನ ಲೀಗ್ ಚಳಿಗಾಲ ಬಿಟ್ಟು ಬೇಸಿಗೆಗೆ ಬಂದ ಮೇಲೆ ಅಲ್ಲಿಯ ಫೈನಲ್ಲೂ ಆಸ್ಟ್ರೇಲಿಯಾದ ಫೈನಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಯುತ್ತವೆ. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ, ಇದೇ ಅವರ ಏಪ್ರಿಲ್. ಆ ನಾಲ್ಕು ವಾರಗಳನ್ನು ದೇಶಗಳಿಗೇ ಬಿಟ್ಟುಕೊಡಬೇಕು, ಕ್ಲಬ್‌ಗಳು ಅದರ ಮೇಲೆ ಕೈಯಿಡಬಾರದು. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್, ನಡುವಿನ ವರ್ಷಗಳಲ್ಲಿ ಇಂಗ್ಲೆಂಡ್–ಆಸ್ಟ್ರೇಲಿಯಾ ನಡುವಿನ ಆಷಸ್ (ಕ್ರಿಕೆಟ್‌ನದ್ದಲ್ಲ, ರಗ್ಬಿ ಲೀಗ್‌ನದ್ದು) ಸರಣಿ, ಪೆಸಿಫಿಕ್ ದ್ವೀಪ ದೇಶಗಳ ಕೂಟ, ಯುರೋಪಿನ ಅರ್ಹತಾ ಪಂದ್ಯಗಳು. ಆತಿಥೇಯರನ್ನು ಎರಡು ವಿಶ್ವಕಪ್ ಮುಂಚಿತವಾಗಿ ಗೊತ್ತುಮಾಡಬೇಕು. ಒಬ್ಬರು ಕೈಬಿಟ್ಟರೆ ನಡೆಸಲು ಇನ್ನೊಬ್ಬರು ಸಿದ್ಧರಿರಬೇಕು. ಇದೆಲ್ಲ ಇದ್ದೂ ಕೂಟ ತಪ್ಪಬಹುದು. ಪ್ರವಾಹ, ಭೂಕುಸಿತ, ಕೊರೊನಾ ಸೇರಿ ನಮ್ಮ ಹಬ್ಬವೂ 2018ರ ನಂತರ 2023ರವರೆಗೆ ನಿಂತಿತ್ತು. ಆದರೆ ಮತ್ತೆ ಶುರುವಾದಾಗ ತಿಂಗಳು ಹುಡುಕಬೇಕಾಗಲಿಲ್ಲ.

ತಂಡ ಎಷ್ಟಿರಬೇಕು ಎನ್ನುವಲ್ಲಿ ಮಾತ್ರ ಕೊಡಗಿನ ದಾರಿ ಅವರಿಗೆ ಸರಿಹೋಗದು. ಇಲ್ಲಿ ಮೊದಲ ದಿನವೇ ಸೋತ ಒಕ್ಕ ನೆಂಟರನ್ನು ಕಂಡು ಸಂತೋಷದಿಂದ ಮನೆಗೆ ಹೋಗುತ್ತದೆ. 2022ರಲ್ಲಿ ಗ್ರೀಸ್ ಇಂಗ್ಲೆಂಡಿಗೆ 94–4ರಿಂದ, ಸ್ಕಾಟ್ಲೆಂಡ್ ಆಸ್ಟ್ರೇಲಿಯಾಕ್ಕೆ 84–0ರಿಂದ ಸೋತವು. ಅಂಥ ಪಂದ್ಯದಿಂದ ಸೋತವರೂ ನೋಡಿದವರೂ ಪಡೆಯುವುದು ಕಡಿಮೆ. ಪುರುಷರ 16 ತಂಡಗಳನ್ನು 2026ಕ್ಕೆ 10ಕ್ಕೆ ಇಳಿಸಿದ್ದು ಸರಿ ಎಂದೇ ನನ್ನ ಎಣಿಕೆ. ಹೊರಗುಳಿದ ದೇಶಗಳಿಗೆ ಅದೇ ವಾರಗಳಲ್ಲಿ ಸಮಬಲರೊಡನೆ ಪಂದ್ಯ ಸಿಗಬೇಕು.

ಇನ್ನೊಂದು ಮಾತು. 2022ರಲ್ಲಿ ಪುರುಷರ, ಮಹಿಳೆಯರ, ಗಾಲಿಕುರ್ಚಿ ಆಟಗಾರರ ವಿಶ್ವಕಪ್‌ಗಳನ್ನು ಒಟ್ಟಿಗೆ ನಡೆಸಿದ್ದರು. ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡ್ ಫ್ರಾನ್ಸನ್ನು 28–24ರಿಂದ ಗೆದ್ದ ಗಾಲಿಕುರ್ಚಿ ಫೈನಲ್ ಆ ಕೂಟದ ಅತಿ ಬಿಗಿಯಾದ ಪಂದ್ಯಗಳಲ್ಲೊಂದು. ಕೊಡವ ಹಾಕಿಯಲ್ಲಿ ಗಂಡು ಹೆಣ್ಣು ಒಂದೇ ತಂಡದಲ್ಲಿ ಆಡುವುದನ್ನು ನೋಡಿ ಬೆಳೆದ ತಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ವೇಳಾಪಟ್ಟಿ ಬಿಗಿಯಾಯಿತೆಂದು ಈ ಮೂರನ್ನು ಬೇರೆ ಬೇರೆ ವರ್ಷಕ್ಕೆ ತಳ್ಳಬಾರದು.