ಖಚಿತ ಪಿಂಚಣಿ ಬಿಡುವುದೇ, ಉಳಿಸಿಕೊಳ್ಳುವುದೇ?

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಲ್ಲಿ ಇಬ್ಬರು ನೌಕರರಿದ್ದಾರೆ ಎಂದಿಟ್ಟುಕೊಳ್ಳಿ: ಒಬ್ಬರು ರಾಜ್ಯ ಸರ್ಕಾರದ ಶಿಕ್ಷಕರು, ಇನ್ನೊಬ್ಬರು ಕೇಂದ್ರ ಸರ್ಕಾರದ ಗುಮಾಸ್ತರು. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ಕೇಂದ್ರದಲ್ಲಿ ಜಾರಿಯಾದದ್ದು 2004ರ ಜನವರಿ 1ರಂದು, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಂದು. 2006ರ ಏಪ್ರಿಲ್ 1ಕ್ಕೂ ಮುಂಚಿನ ಅಧಿಸೂಚನೆಯಡಿ ಆಯ್ಕೆಯಾಗಿ, ನಂತರ ಸೇವೆಗೆ ಸೇರಿದ ರಾಜ್ಯ ನೌಕರರಿಗೆ ಹಳೆ ಪಿಂಚಣಿಯ ಅವಕಾಶ ಸಿಕ್ಕಿದ್ದು 2024ರ ಜನವರಿಯ ಆದೇಶದಿಂದ.

ಗುಮಾಸ್ತರ ಮುಂದಿರುವುದು 2025ರ ಏಪ್ರಿಲ್ 1ರಿಂದ ಬಂದ ಏಕೀಕೃತ ಪಿಂಚಣಿ ಯೋಜನೆ (ಯುಪಿಎಸ್). 25 ವರ್ಷ ಸೇವೆ ಸಲ್ಲಿಸಿದರೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಶೇ 50 ಖಾತ್ರಿ. ಸರಾಸರಿ 60,000 ರೂ. ಇದ್ದರೆ ತಿಂಗಳಿಗೆ 30,000, ಮೇಲೆ ತುಟ್ಟಿ ಪರಿಹಾರ. ಕನಿಷ್ಠ 10 ವರ್ಷ ಸೇವೆಗೆ ತಿಂಗಳಿಗೆ ಕನಿಷ್ಠ 10,000 ರೂ. ನಿವೃತ್ತರು ತೀರಿಕೊಂಡರೆ ಸಂಗಾತಿಗೆ ಆ ಪಿಂಚಣಿಯ ಶೇ 60.

ಎನ್‌ಪಿಎಸ್‌ನಲ್ಲಿ ಗಂಟು ದೊಡ್ಡದಾಗಬಹುದು. ಆದರೆ ಮಾರುಕಟ್ಟೆ ಬಿದ್ದರೆ ನಷ್ಟ ನೌಕರನದೇ. ಬೇರೆ ಆದಾಯವಿಲ್ಲದ ಮನೆಗೆ ಖಾತ್ರಿಯೇ ಮೇಲು ಎನ್ನುವುದು ನನ್ನ ಲೆಕ್ಕ. ಯುಪಿಎಸ್‌ನಿಂದ ಎನ್‌ಪಿಎಸ್‌ಗೆ ಹೋಗಲು ಅವಕಾಶ ಒಂದೇ ಬಾರಿ, ಅದೂ ವಯೋನಿವೃತ್ತಿಗೆ ಕನಿಷ್ಠ ಒಂದು ವರ್ಷ ಮೊದಲು. ಹೊರಬಂದವರು ಮತ್ತೆ ಮರಳುವಂತಿಲ್ಲ.