ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಮಗನಿಗೆ 9 ವರ್ಷ, ಮಗಳಿಗೆ 4. ಮಗನ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ಮೊದಲ ವಾರ ಎಲ್ಲಾದರೂ ಟೆಂಟಿನಲ್ಲಿ ಎರಡು ರಾತ್ರಿ ಇದ್ದು ಬರೋಣ ಎಂದು ನಮ್ಮ ಯಜಮಾನರು ಹಟ ಹಿಡಿದಿದ್ದಾರೆ. ಮಂಡಿನೋವಿನ ಅತ್ತೆಯೂ ಬರುತ್ತಾರಂತೆ. ಶರಾವತಿ ಹಿನ್ನೀರಿನ ದಂಡೆಯಲ್ಲಿ ಟೆಂಟು ಹಾಕಿಕೊಡುವವರ ಫೋಟೊಗಳನ್ನು ಇನ್‌ಸ್ಟಾಗ್ರಾಂನಲ್ಲಿ ನೋಡಿ ಇವರು ಮರುಳಾಗಿದ್ದಾರೆ. ಅದು ಬೇಡವೆಂದರೆ, "ನಾವೇ ಟೆಂಟ್ ತಗೊಂಡು ಹೋಗಿ ಕಾಡಲ್ಲಿ ಎಲ್ಲಾದರೂ ಹಾಕೋಣ, ದುಡ್ಡೂ ಉಳಿಯುತ್ತೆ" ಅನ್ನುತ್ತಾರೆ. ನನಗೆ ನೀರು, ಹಾವು, ಆನೆ ಎಲ್ಲದಕ್ಕೂ ಭಯ. ಆದರೆ ಹೇಳಿದರೆ "ನೀನು ಅಂಜುಬುರುಕಿ, ಮಕ್ಕಳನ್ನೂ ಹಾಗೇ ಮಾಡ್ತೀಯ" ಎಂಬ ಮಾತು ಬರುತ್ತದೆ. ನಾನು ನಿಜಕ್ಕೂ ಅತಿ ಮಾಡುತ್ತಿದ್ದೇನಾ? ಜಾಗ ಹೇಗೆ ಆರಿಸಬೇಕು?
— ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಅತಿ ಮಾಡುತ್ತಿಲ್ಲ. ನಿಮ್ಮವರೂ ತಪ್ಪು ಆಸೆಪಟ್ಟಿಲ್ಲ. ಒಂಬತ್ತು ವರ್ಷದ ಹುಡುಗ ಒಂದು ರಾತ್ರಿಯಾದರೂ ನಕ್ಷತ್ರದ ಕೆಳಗೆ ಮಲಗಬೇಕು. ನಿಮ್ಮಿಬ್ಬರ ಜಗಳದ ಮೂಲ ಬೇರೆ. ಅವರು ನೋಡಿದ್ದು ಸಂಜೆ ಐದೂವರೆಯ ಫೋಟೊ. ನೀವು ಯೋಚಿಸುತ್ತಿರುವುದು ನಡುರಾತ್ರಿಯನ್ನು. ಟೆಂಟಿನ ವಿಷಯದಲ್ಲಿ ನಿಮ್ಮ ಲೆಕ್ಕವೇ ಸರಿ. ಹಗಲು ಕಂಡ ಬಾವಿಗೆ ಇರುಳು ಬೀಳಬಾರದಲ್ಲ.

ನಾನೂ ಒಮ್ಮೆ ಹಾಗೆ ಬಿದ್ದವಳೇ. ಬಹಳ ವರ್ಷಗಳ ಹಿಂದೆ ಜುಲೈ ಮೊದಲ ವಾರ ತಂಗಿಯ ಮನೆಯವರ ಜತೆ ಮಲೆನಾಡಿನ ಒಂದು ಹಿನ್ನೀರಿನ ದಂಡೆಗೆ ಹೋಗಿದ್ದೆವು. ಟೆಂಟ್ ಬಾಡಿಗೆಗೆ ಕೊಟ್ಟ ಹುಡುಗ ನೀರಿಗೆ ಹದಿನೈದು ಹೆಜ್ಜೆ ದೂರದಲ್ಲಿ ಗೂಟ ಹೊಡೆದು, ಒಳ್ಳೆಯ ಊಟ ಕೊಟ್ಟು, ಹತ್ತು ಗಂಟೆಗೆ ಬೈಕ್ ಹತ್ತಿ ತನ್ನ ಊರಿಗೆ ಹೊರಟುಹೋದ. ನಾವಿದ್ದಲ್ಲಿ ಒಂದು ಹನಿಯೂ ಬೀಳಲಿಲ್ಲ. ಮಳೆ ಬಿದ್ದದ್ದು ಮೇಲಿನ ಘಟ್ಟದಲ್ಲಿ. ಎರಡೂವರೆಗೆ ಕಾಲಿಗೆ ತಣ್ಣಗಾಗಿ ಎಚ್ಚರವಾಯಿತು. ಟಾರ್ಚ್ ಹಾಕಿದರೆ ನೀರು ಟೆಂಟಿನ ಬಾಗಿಲಲ್ಲಿತ್ತು. ಫೋನಿಗೆ ಸಿಗ್ನಲ್ ಇಲ್ಲ. ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಕಾರಿನವರೆಗೆ ನಡೆದೆವು. ಬೆಳಿಗ್ಗೆ ಬಂದು ನೋಡಿದರೆ, ಹೊರಗೆ ಸಾಲಾಗಿ ಬಿಟ್ಟಿದ್ದ ನಮ್ಮ ಚಪ್ಪಲಿಗಳು ಅಷ್ಟು ದೂರದಲ್ಲಿ ತೇಲುತ್ತಿದ್ದವು.

ಆ ಹುಡುಗ ಕೆಟ್ಟವನಲ್ಲ, ರಾತ್ರಿ ಅಲ್ಲಿ ಇರಲಿಲ್ಲ ಅಷ್ಟೇ. ಅಂದಿನಿಂದ ಎಲ್ಲಿಗೆ ಹೊರಟರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ? ಉಳಿದ ಪ್ರಶ್ನೆಗಳೆಲ್ಲ ಇದರ ಮರಿಗಳು.

ಮೊದಲು, "ಎಲ್ಲಾದರೂ ಹಾಕೋಣ" ಎಂಬ ಮಾತು

ಇದನ್ನು ಇಲ್ಲಿಗೇ ಬಿಟ್ಟುಬಿಡಿ. ಮೀಸಲು ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ನುಗ್ಗಿ ಬೀಡುಬಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿ. ಕಾನೂನಿನ ಮಾತು ಪಕ್ಕಕ್ಕಿಡಿ. ನೀವು ಅಲ್ಲಿರುವುದು ಯಾರಿಗೂ ಗೊತ್ತಿಲ್ಲದಿದ್ದರೆ, ನಿಮಗೆ ಏನಾದರೂ ಆಗಿದೆ ಎಂಬುದೂ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಮಗು, ಮಂಡಿನೋವಿನ ಅತ್ತೆ ಇರುವ ಸಂಸಾರಕ್ಕೆ ಇದಲ್ಲ.

ಇನ್ನು ಹಿನ್ನೀರು

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ನೀರಿನಡಿ ಊರುಗಳಿದ್ದವು, ಗದ್ದೆ, ತೋಟ, ಕಾಡು ಇದ್ದವು. ನಿಮ್ಮವರು ನೋಡಿದ ಫೋಟೊದಲ್ಲಿ ನೀರಿನಿಂದ ಮೇಲೆದ್ದು ನಿಂತ ಒಣ ಬೊಡ್ಡೆಗಳಿದ್ದರೆ, ಅವು ಆ ಕಾಡಿನವೇ. ಫೋಟೊದಲ್ಲಿ ಚೆಂದ, ಈಜುವವನ ಕಾಲಿಗೆ ಮಾತ್ರ ಅಪಾಯ. ಕೆರೆಯಲ್ಲಿ ಇಷ್ಟಿಷ್ಟೇ ಆಳವಾಗುತ್ತದೆ ಎಂಬ ನಮ್ಮ ಅಂದಾಜು ಹಿನ್ನೀರಿನಲ್ಲಿ ನಡೆಯುವುದಿಲ್ಲ. ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಹಳೆಯ ಬಾವಿಯೋ ಹಳ್ಳವೋ ಇರಬಹುದು.

ಏಪ್ರಿಲ್‌ನಲ್ಲಿ ನೀರು ಹಿಂದೆ ಸರಿದಿರುತ್ತದೆ. ಫೋಟೊದಲ್ಲಿ ಟೆಂಟಿನ ಬಾಗಿಲಲ್ಲಿದ್ದ ನೀರು ಆಗ ಬಹಳ ದೂರ. ನಡುವೆ ಬಿರುಕುಬಿಟ್ಟ ಬಯಲು. ಮೇಲೆ ಗಟ್ಟಿಯಾಗಿ, ಹಪ್ಪಳದಂತೆ ಕಾಣುವ ಆ ಮಣ್ಣು ನೀರಿನ ಹತ್ತಿರ ಹೋದಂತೆ ಕೆಳಗೆ ಹಸಿಯಾಗಿಯೇ ಇರುತ್ತದೆ. ದೊಡ್ಡವರ ಕಾಲು ಮೀನಖಂಡದವರೆಗೆ ಹೂತರೆ ಮಗುವಿನದು ತೊಡೆಯವರೆಗೆ ಹೂಳುತ್ತದೆ. ಮಳೆಗಾಲದಲ್ಲಿ ಕತೆ ತಿರುಗುಮುರುಗು. ಸಮತಟ್ಟಾದ ದಂಡೆಯಲ್ಲಿ ನೀರಿನ ಮಟ್ಟ ಒಂದಡಿ ಏರಿದರೆ ಅದು ಹತ್ತಾರು ಅಡಿ ಒಳಗೆ ಬಂದಂತೆ. ನನ್ನ ಚಪ್ಪಲಿ ತೇಲಿದ್ದು ಹೀಗೆ. ಆದ್ದರಿಂದ ಯಾವ ದಂಡೆಗೆ ಹೋದರೂ ಕಸಕಡ್ಡಿ, ಒಣ ಎಲೆ ಒಂದೇ ಸಾಲಿಗೆ ಅಂಟಿಕೊಂಡ ಗೆರೆ ಎಲ್ಲಿದೆ ನೋಡಿ. ನೀರು ಹಿಂದೆ ಬಂದು ಹೋದ ಗುರುತು ಅದು. ಟೆಂಟು ಅದಕ್ಕಿಂತ ಸಾಕಷ್ಟು ಮೇಲಿರಬೇಕು. ನೀರಿನಂಚಿನಿಂದ ಕನಿಷ್ಠ ಎಪ್ಪತ್ತು ಹೆಜ್ಜೆ ಬಿಡುವುದು ನನ್ನ ಲೆಕ್ಕ. ಪ್ರಾಣಿಗಳಿಗೆ ನೀರಿಗೆ ಬರಲು ದಾರಿ ಬಿಟ್ಟಂತೆಯೂ ಆಯಿತು. ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಂತೂ ಟೆಂಟು ಬೇಡವೇ ಬೇಡ. ಮೇಲೆ ಗೇಟು ತೆರೆದರೆ ಕೆಳಗಿನ ಬಂಡೆಗಳ ನಡುವೆ ನೀರು ಹೇಳದೆ ಕೇಳದೆ ಏರುತ್ತದೆ.

ಮಂಗನ ಕಾಯಿಲೆಯ ತಿಂಗಳು

ನಿಮ್ಮ ಪತ್ರದಲ್ಲಿ ಹಾವು, ಆನೆಗಳ ಭಯವಿದೆ. ಉಣುಗಿನ ಹೆಸರಿಲ್ಲ. ಏಪ್ರಿಲ್‌ನಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಿಗೆ ಹೊರಟವರಿಗೆ ನಾನು ಮೊದಲು ಹೇಳುವುದು ಅದನ್ನೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, 1957ರಲ್ಲಿ, ಪತ್ತೆಯಾದ ವೈರಸ್ ಈ ಉಣುಗಿನಲ್ಲಿರಬಹುದು. ಊರಿನವರಿಗೆ ಅದು ಮಂಗನ ಕಾಯಿಲೆ. ಹರಡುವುದು ಉಣುಗಿನ ಕಡಿತದಿಂದ. ಡಿಸೆಂಬರ್‌ನಿಂದ ಮೇವರೆಗೆ, ಒಣ ತರಗೆಲೆಯಲ್ಲಿ ಸಾಸಿವೆಯಷ್ಟು ಸಣ್ಣ ಉಣುಗುಮರಿಗಳು ಇರುವ ಕಾಲದಲ್ಲೇ ಇದರ ಹಾವಳಿ.

ಹಾಗೆಂದು ಮಲೆನಾಡಿಗೇ ಹೋಗಬೇಡಿ ಎನ್ನುತ್ತಿಲ್ಲ. ಬುಕ್ ಮಾಡುವ ಮುಂಚೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಈ ವರ್ಷ ಸುತ್ತಮುತ್ತ ಮಂಗ ಸತ್ತಿವೆಯೇ, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳಿ. ಹೌದೆಂದರೆ ಆ ಜಾಗ ಈ ವರ್ಷಕ್ಕಿಲ್ಲ. ಇಲ್ಲವೆಂದರೂ ತರಗೆಲೆಯ ಮೇಲೆ ಕೂರಬೇಡಿ. ಉದ್ದ ತೋಳು, ಉದ್ದ ಪ್ಯಾಂಟು ಹಾಕಿಸಿ, ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ. ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದಿ ನೋಡಿ. ಮಲೆನಾಡಿನಲ್ಲಿ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲ ಉಣುಗಿಗೆಂದೇ ಇರುವುದು. ಊರಿಗೆ ಮರಳಿದ ಹತ್ತು ದಿನದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು ಬಂದರೆ, "ಮಲೆನಾಡಿನ ಕಾಡಿಗೆ ಹೋಗಿದ್ದೆವು" ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಬೆಂಗಳೂರಿನ ಡಾಕ್ಟರು ಅದನ್ನು ತಾವಾಗಿ ಊಹಿಸಲಾರರು.

ಫೋನಿನಲ್ಲಿ ಕೇಳಬೇಕಾದದ್ದು

ಜಾಗದವರಿಗೆ ಫೋನ್ ಮಾಡುವುದು ನೀವೇ ಆಗಿರಲಿ. ದರದ ಮಾತು ಕೊನೆಗೆ. ಮೊದಲು ಇವನ್ನು ಕೇಳಿ:

ರಾತ್ರಿ ಅಲ್ಲೇ ಮಲಗುವ ಸಿಬ್ಬಂದಿ ಎಷ್ಟು ಜನ? ಅವರ ಹತ್ತಿರ ವಾಹನ ಇದೆಯೇ? ಎಲ್ಲಿ ಸಿಗ್ನಲ್ ಸಿಗುತ್ತದೆ?

ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆ ಯಾವುದು, ಎಷ್ಟು ಹೊತ್ತಿನ ದಾರಿ? 108 ಆಂಬುಲೆನ್ಸ್ ಟೆಂಟಿನ ಹತ್ತಿರದವರೆಗೆ ಬರುತ್ತದೆಯೇ, ಮುಖ್ಯರಸ್ತೆಯಲ್ಲೇ ನಿಲ್ಲುತ್ತದೆಯೇ?

ಜಾಗ ಯಾರದು? ಸ್ವಂತ ಪಟ್ಟಾ ಜಮೀನೇ, ಯಾರ ಅನುಮತಿ ಇದೆ? ಈ ಪ್ರಶ್ನೆಗೆ ತಡವರಿಸಿದರೆ ಫೋನ್ ಇಟ್ಟುಬಿಡಿ.

ಶೌಚಾಲಯ ಟೆಂಟಿನಿಂದ ಎಷ್ಟು ಹೆಜ್ಜೆ? ರಾತ್ರಿ ದಾರಿಗೆ ದೀಪ ಇದೆಯೇ? ಕಮೋಡ್ ಇದೆಯೇ? ಇದು ಸಣ್ಣ ಪ್ರಶ್ನೆಯಲ್ಲ. ಅತ್ತೆಯವರ ಎರಡು ದಿನ ನಿಂತಿರುವುದು ಇದರ ಮೇಲೆ.

ದೋಣಿ ಇದ್ದರೆ, ನಾಲ್ಕು ವರ್ಷದ ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ? "ಎಲ್ಲಾ ಸೈಜೂ ಇದೆ ಮೇಡಂ" ಎಂದರೆ ಒಂದು ಫೋಟೊ ಕಳಿಸಿ ಎನ್ನಿ.

ಅದೇ ದಿನ ಇನ್ಯಾರು ಬರುತ್ತಿದ್ದಾರೆ? ವಾರಾಂತ್ಯದಲ್ಲಿ ಸ್ಪೀಕರ್, ಬಾಟಲಿ ಸಮೇತ ಬರುವ ಗುಂಪಿನ ಪಕ್ಕ ಟೆಂಟು ಸಿಕ್ಕರೆ ಆನೆಗಿಂತ ಅದೇ ದೊಡ್ಡ ಕಾಟ. ಸಾಧ್ಯವಾದರೆ ವಾರದ ನಡುವೆ ಹೋಗಿ.

ಕೊನೆಗೊಂದು ಉಪಾಯದ ಪ್ರಶ್ನೆ: "ಕ್ಯಾಂಪ್‌ಫೈರ್ ಹಾಕ್ತೀರಾ?" ಏಪ್ರಿಲ್‌ನಲ್ಲಿ ಕಾಡಂಚಿನಲ್ಲಿ "ದೊಡ್ಡದಾಗಿ ಹಾಕ್ತೀವಿ ಮೇಡಂ" ಎನ್ನುವವರು ನಿಮಗೆ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದು ನೆನಪಿರಬಹುದು. "ಈಗ ಒಣಗಿದೆ, ಬೆಂಕಿ ಹಾಕೋದಿಲ್ಲ" ಎಂದು ಗಿರಾಕಿಗೆ ಹೇಳುವ ಧೈರ್ಯ ಇರುವವರು ಉಳಿದದ್ದನ್ನೂ ನೋಡಿಕೊಂಡಾರು.

ಅಲ್ಲಿ ಹೋದ ಮೇಲೆ ಹತ್ತು ನಿಮಿಷ

ಬೆಳಕಿರುವಾಗಲೇ ತಲುಪಿ. ಸಾಮಾನು ಇಳಿಸುವ ಮುಂಚೆ ಮಗನ ಕೈ ಹಿಡಿದು ಒಂದು ಸುತ್ತು ಹಾಕಿ. ಮೊದಲು ತಲೆ ಎತ್ತಿ ನೋಡಿ: ಒಣಗಿದ ಕೊಂಬೆ ನೇತಾಡುತ್ತಿದೆಯೇ, ಹೆಜ್ಜೇನು ಕಟ್ಟಿದೆಯೇ. ಆಮೇಲೆ ನೆಲ: ಹುತ್ತ, ಇರುವೆ ಸಾಲು, ಲದ್ದಿ, ಗೊರಸಿನ ಗುರುತು. ಹುಲ್ಲು ಮಲಗಿ ನೀರಿನ ಕಡೆ ಸಾಗುವ ಸವೆದ ದಾರಿ ಕಂಡರೆ ಅದು ಪ್ರಾಣಿಗಳ ದಾರಿ. ಅಲ್ಲಿ ಟೆಂಟಾಗಲಿ, ಕಾರಾಗಲಿ ನಿಲ್ಲಿಸಬೇಡಿ. ಏಪ್ರಿಲ್ ಎಂದರೆ ಮುಂಗಾರುಪೂರ್ವ ಗುಡುಗು ಸಿಡಿಲಿನ ತಿಂಗಳು. ಒಂಟಿ ಮರದ ಕೆಳಗೂ ಬಟ್ಟಬಯಲಲ್ಲೂ ಟೆಂಟು ಬೇಡ. ಗುಡುಗು ಕೇಳಿದರೆ ಕಟ್ಟಡದೊಳಗೋ ಕಾರಿನೊಳಗೋ ಹೋಗಿ. ಟೆಂಟಿನ ಬಟ್ಟೆ ಸಿಡಿಲಿಗೆ ರಕ್ಷಣೆಯಲ್ಲ.

ಹಾವಿನ ಬಗ್ಗೆ ಇಷ್ಟು ಸಾಕು: ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಡಿದದ್ದು ನಿದ್ದೆಯಲ್ಲಿ ಗೊತ್ತೂ ಆಗದಿರಬಹುದು. ಅದಕ್ಕೇ ಮಂಚವಿರುವ, ಕಟ್ಟೆಯ ಮೇಲೆ ನಿಲ್ಲಿಸಿದ, ಜಿಪ್ ಪೂರ್ತಿ ಮುಚ್ಚುವ ಟೆಂಟನ್ನೇ ಕೇಳಿ. ಒಳಗೆ ತಿಂಡಿ ಇಡಬೇಡಿ. ತಿಂಡಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಹಾಗಾದರೆ ಎಲ್ಲಿಗೆ?

ನನ್ನ ಮಾತು ಕೇಳುವುದಾದರೆ, ಏಪ್ರಿಲ್‌ಗೆ ಎರಡು ರಾತ್ರಿಯ ಬದಲು ಒಂದೇ ರಾತ್ರಿ, ದೂರದ ಬದಲು ಹತ್ತಿರ. ಶರಾವತಿ ಹಿನ್ನೀರಿಗೆ ಹತ್ತಿರದ ಸಾಗರ ಪಟ್ಟಣದವರೆಗೆ 350 ಕಿ.ಮೀ.ಗೂ ಹೆಚ್ಚು. ಅತ್ತೆಯವರ ಮಂಡಿ ಕಾರಿನಲ್ಲೇ ಸೋತುಹೋಗುತ್ತದೆ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿ ಕಾವೇರಿ ದಂಡೆಯ ಭೀಮೇಶ್ವರಿ ಇದೆ. ಅಲ್ಲಿ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ. ಮೊದಲ ರಾತ್ರಿಗೆ ಅಂಥದ್ದು ಸಾಕು. ಬಿಸಿಲು ಜೋರಿರುತ್ತದೆ, ಆದ್ದರಿಂದ ಮರದ ನೆರಳಿನ ಟೆಂಟು ಕೇಳಿ. ಕಾವೇರಿಯಲ್ಲಿ ಮೊಸಳೆಗಳಿವೆ, ಸಿಬ್ಬಂದಿ ಹೇಳಿದ ಕಡೆ ಬಿಟ್ಟು ನೀರಿಗೆ ಕಾಲಿಡಬೇಡಿ. ಅವರಿಗೂ ಮೇಲಿನ ಪ್ರಶ್ನೆಗಳನ್ನೇ ಕೇಳಿ. ಸರ್ಕಾರಿ ಎಂದು ಸುಮ್ಮನಾಗಬೇಡಿ.

ನಿಮ್ಮವರ ಶರಾವತಿಯನ್ನು ಅಳಿಸಿಹಾಕಬೇಡಿ, ನವೆಂಬರ್‌ಗೆ ಮುಂದೂಡಿ. ಆಗ ಮಳೆ ನಿಂತಿರುತ್ತದೆ, ಹಿನ್ನೀರು ತುಂಬಿ ಹಸಿರಂಚಿಗೆ ಬಂದಿರುತ್ತದೆ, ಮಂಗನ ಕಾಯಿಲೆಯ ಕಾಲ ಸಾಮಾನ್ಯವಾಗಿ ಇನ್ನೂ ಶುರುವಾಗಿರುವುದಿಲ್ಲ. ಅವರು ಫೋಟೊದಲ್ಲಿ ಕಂಡ ನೀರು ನಿಜವಾಗಿ ಸಿಗುವುದೂ ಆಗಲೇ.

ಇನ್ನು "ಅಂಜುಬುರುಕಿ" ಎಂಬ ಮಾತು. ಅದಕ್ಕೆ ವಾದ ಮಾಡಬೇಡಿ. "ಬೇಡ" ಎನ್ನುವುದರ ಬದಲು "ಇದಕ್ಕೆ ಉತ್ತರ ಬಂದರೆ ಹೊರಡೋಣ" ಎನ್ನಿ. ಇಬ್ಬರೂ ಒಂದು ಕಾಗದದಲ್ಲಿ ಪ್ರಶ್ನೆ ಬರೆದು, ಫೋನನ್ನು ಸ್ಪೀಕರಿಗೆ ಹಾಕಿ ಮೂರು ಜಾಗಕ್ಕೆ ಮಾತಾಡಿ. ನುಣುಚಿಕೊಳ್ಳುವ ಉತ್ತರ ಕೇಳಿದಾಗ ಅವರ ಮುಖ ನೋಡಿ. ನೀವು ಹೇಳಬೇಕಾದದ್ದನ್ನು ಆಚೆ ಕಡೆಯವರೇ ಹೇಳಿರುತ್ತಾರೆ. ಉತ್ತರ ಸರಿ ಬಂದ ಜಾಗವನ್ನು ಅವರೇ ಆರಿಸಲಿ, ಮತ್ತೆ ತಕರಾರು ತೆಗೆಯಬೇಡಿ. ಭಯ ಪ್ರಶ್ನೆಗಳಾಗಿ ಮುಗಿಯಬೇಕು, ಪ್ರವಾಸದುದ್ದಕ್ಕೂ ಜತೆಗೆ ಬರಬಾರದು.

ಒಂದು ಕೊನೆಯ ಮಾತು. ರಾತ್ರಿ ಜಿಪ್ ಎಳೆಯುವ ಮುಂಚೆ ಎಲ್ಲರ ಚಪ್ಪಲಿ ಒಳಗೆ ತೆಗೆದುಕೊಳ್ಳಿ. ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ.